ಪಾಳಿ ತಪ್ಪಿ ಬಂದ ಭಾಷೆ

ಆ ಗುರುವಾರ ಕರೆಂಟು ಹೋಗದೇ ಇದ್ದಿದ್ದರೆ ಜಂಬಕ್ಕನ ಗುಟ್ಟು ಜೋಳದ ಜತೆಗೇ ನುಣ್ಣಗೆ ಬೀಸಿ ಹೋಗುತ್ತಿತ್ತು.

ಹಗರಿಬೊಮ್ಮನಹಳ್ಳಿಯ ಕೊಟ್ಟೂರು ರಸ್ತೆಯಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ಬೆಳಿಗ್ಗೆ ಹನ್ನೊಂದರ ಹೊತ್ತು. ಒಂದು ಕಲ್ಲಿನಲ್ಲಿ ಜೋಳ, ಇನ್ನೊಂದರಲ್ಲಿ ಯಾರದೋ ಮದುವೆ ಮನೆಯ ಅರಿಶಿನ ತಿರುಗುತ್ತಿದ್ದವು. ಆ ಸದ್ದಿನಲ್ಲಿ ಪಕ್ಕದಲ್ಲೇ ಲಾರಿ ಮಗುಚಿದರೂ ಗೊತ್ತಾಗುವುದಿಲ್ಲ. ಜಂಬಕ್ಕ ಅಭ್ಯಾಸಕ್ಕೆ ಆ ಜಾಗವನ್ನು ಆರಿಸಿಕೊಂಡಿದ್ದೂ ಅದಕ್ಕೇ. ಗಿರಣಿಯ ಬಾಯಿಗೆ ಜೋಳ ಸುರಿಯುತ್ತ, ಕಣ್ಣು ಮುಚ್ಚಿ, ತನ್ನ ಬಾಯಿ ದೊಡ್ಡದಾಗಿ ತೆರೆದು, "ಶಬರಾ ಲಬರಾ ಶೀಯಾ ಕೊರಬಾ" ಎಂದು ಮೂರು ವಾರದಿಂದ ಒಂದೇ ಸಮ ನಡೆಸಿದ್ದಳು. ಒಳಗೆ ಹೋಗುವುದು ಎಲ್ಲರಿಗೂ ಕಾಣುತ್ತಿತ್ತು, ಹೊರಗೆ ಬರುವುದು ಯಾರಿಗೂ ಕೇಳುತ್ತಿರಲಿಲ್ಲ.

ಕರೆಂಟು ಹೋಯಿತು. ಕಲ್ಲುಗಳು ಉಸ್ಸೆಂದು ನಿಂತವು. ಇಪ್ಪತ್ತೆರಡು ವರ್ಷ ಗಿರಣಿ ನಡೆಸಿದವರ ಕಿವಿಯಲ್ಲಿ ಮಾತ್ರ ಗಿರಣಿ ಅಷ್ಟು ಬೇಗ ನಿಲ್ಲುವುದಿಲ್ಲ. ಹೀಗಾಗಿ ಜಂಬಕ್ಕ ಮುಂದುವರಿಸಿದಳು. ಇಡೀ ಅರ್ಧ ನಿಮಿಷ, ಪಾಳಿಗೆ ಕೂತಿದ್ದ ಏಳು ಜನರ ಮುಂದೆ, ಎರಡೂ ಕೈ ಮೇಲೆತ್ತಿ, ಶಬರಾ ಲಬರಾ.

ಮೊದಲು ಎದ್ದವಳು ಮುದುಕಿ ಗಾದೆಮ್ಮ. ಅವಳಿಗೆ ಅನುಮಾನವೇ ಇರಲಿಲ್ಲ. ಉಚ್ಚಂಗಿದುರ್ಗದ ತಾಯಿ ಮೈಮೇಲೆ ಬಂದವರನ್ನು ಅವಳು ಎಷ್ಟು ಕಂಡಿಲ್ಲ. ಮದುವೆ ಮನೆಯ ಡಬ್ಬಿಗೆ ಕೈ ಹಾಕಿ, ಹಿಡಿ ಅರಿಶಿನ ತೆಗೆದು, ಜಂಬಕ್ಕನ ಹಣೆ ತುಂಬ ಬಳಿದು ಕಾಲಿಗೆ ಬಿದ್ದಳು.

"ತಾಯೀ, ನಮ್ಮ ಎಮ್ಮಿ ಮೂರು ಸಲ ತಪ್ಪಿಸೇತಿ. ಯಾವಾಗ ಗಬ್ಬ ಆಕೈತಿ ಹೇಳವ್ವ."

ಜಂಬಕ್ಕ ಕಣ್ಣು ಬಿಟ್ಟಳು. ಉಳಿದ ಆರು ಜನ ಕೈಮುಗಿದು ನಿಂತಿದ್ದರು. ಪಾಳಿಯಲ್ಲಿ ಐದನೆಯ ಡಬ್ಬಿ ನನ್ನದು. ನಾನೂ ಮುಗಿದಿದ್ದೆ, ಯಾವುದಕ್ಕೂ ಇರಲಿ ಅಂತ.

"ಏಳಬೇ ಗಾದೆಮ್ಮ. ನನಗ ಯಾ ದೇವರೂ ಬಂದಿಲ್ಲ."

"ಬರದನ ಬಾಯಿ ಹಂಗ ಆಡ್ತೈತೇನು? ಹಂಗಾರ ಲಕ್ವ ಇರಬೇಕು. ದವಾಖಾನಿಗೆ ನಡಿ."

ಎರಡರಲ್ಲಿ ಯಾವುದನ್ನು ಒಪ್ಪಿಕೊಳ್ಳಬೇಕೋ ಜಂಬಕ್ಕನಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ, ಬರಲಿಲ್ಲ ಎಂಬುದೇ ಅವಳ ಸಂಕಟವಾಗಿತ್ತು.

ತಿಳಿಯದವರಿಗಾಗಿ ಎರಡು ಮಾತು. ಜಂಬಕ್ಕ ಹೋಗುವುದು ಸಂತೆ ಮಾಳದ ಹಿಂದಿನ ತಗಡಿನ ಪ್ರಾರ್ಥನಾ ಮನೆಗೆ. ಅಲ್ಲಿ ಪ್ರಾರ್ಥನೆ ಮಾಡುತ್ತ ಮಾಡುತ್ತ ಕೆಲವರ ಬಾಯಿಂದ ಅವರಿಗೇ ಗೊತ್ತಿಲ್ಲದ ಮಾತು ಹೊರಡುತ್ತದೆ. ಅದು ಅನ್ಯಭಾಷೆ, ಪವಿತ್ರಾತ್ಮನು ಕೊಡುವ ವರ. ಕಲಿತರೆ ಬರುವಂಥದ್ದಲ್ಲ, ಬಂದರೆ ಬಂತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ನಮಗೂ ಸಿಸ್ಟರುಗಳು ಒಂದು ಅನ್ಯಭಾಷೆ ಕೊಟ್ಟರು, ಆದರೆ ಅದು ಮೇಲಿನಿಂದ ಇಳಿದು ಬಂದದ್ದು ಸ್ಕೇಲಿನ ರೂಪದಲ್ಲಿ, ಬೆರಳ ಗೆಣ್ಣಿನ ಮೇಲೆ. ಹತ್ತು ವರ್ಷ ಹಿಡಿಯಿತು. ಆದ್ದರಿಂದ ಪುಕ್ಕಟೆ ಭಾಷೆ ಬಂದವರನ್ನು ಕಂಡರೆ ಹೊಟ್ಟೆಯಲ್ಲಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಜಂಬಕ್ಕ ಆ ಸಭೆ ಸೇರಿ ಹನ್ನೊಂದು ವರ್ಷ. ಗಂಡ ಹುಲುಗೇಶ ಕುಡಿತ ಬಿಡಲೆಂದು ಹೋದಳು. ಅವನು ಬಿಟ್ಟ. ಅಂದಿನಿಂದ ಅವಳು ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದು, ಕಸ ಗುಡಿಸಿ, ಜಮಖಾನೆ ಹಾಸಿ, ಕೊಡ ತುಂಬಿಸಿಟ್ಟು, ಆಮೇಲೆ ಕೂತು ಪ್ರಾರ್ಥಿಸುತ್ತಿದ್ದಳು. ಶುಕ್ರವಾರ ಮಧ್ಯಾಹ್ನದ ಹೆಂಗಸರ ಉಪವಾಸ ಪ್ರಾರ್ಥನೆ ನಡೆಸುವವಳೂ ಅವಳೇ. ಗಿರಣಿಯಲ್ಲಿ ಎಲ್ಲರೂ ಅವಳ ಮೇಲೆ ಕೂಗುತ್ತಾರೆ: ಸಣ್ಣಗೆ ಬೀಸು, ಬೇಗ ಬೀಸು, ನನ್ನ ಹಿಟ್ಟಿನಾಗ ಅವರ ಹಿಟ್ಟು ಕೂಡೇತಿ. ಶುಕ್ರವಾರ ಒಂದೂವರೆ ತಾಸು ಮಾತ್ರ ಇಪ್ಪತ್ತು ಹೆಂಗಸರು ಅವಳು ಹೇಳಿದಾಗ ಎದ್ದು, ಹೇಳಿದಾಗ ಕೂರುತ್ತಾರೆ. ಹೆಸರಿನಲ್ಲಿ ಜಂಬ ಹುಟ್ಟಿದಂದಿನಿಂದ ಇತ್ತು. ಇಡಲು ಜಾಗ ಸಿಕ್ಕಿದ್ದು ಆ ಒಂದೂವರೆ ತಾಸಿನಲ್ಲಿ.

ಯುಗಾದಿ ಆದ ಮೇಲೆ ಕೋಮಲಾ ಬಂದಳು. ಕೂಡ್ಲಿಗಿ ಕಡೆಯವಳು, ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ಗಂಡ ಕ್ರಾಂತಿಕುಮಾರ್ ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಗೋಡೆಯ ಮೇಲೆ ಬುದ್ಧನ ಒಂದು ಪಟ ಬಿಟ್ಟರೆ ಇನ್ನೊಂದಕ್ಕೆ ಮೊಳೆ ಹೊಡೆದವನಲ್ಲ. ಮನೆಯಲ್ಲಿ ಮೂವರೇ: ಗಂಡ, ಅತ್ತೆ, ತಾನು. ಕಚೇರಿಯ ಗೆಳತಿಯೊಬ್ಬಳು ಕರೆದಳೆಂದು ಕೋಮಲಾ ಪ್ರಾರ್ಥನೆಗೆ ಬಂದಳು. ಮೊದಲ ಭಾನುವಾರ ಸುಮ್ಮನೆ ಕೂತಳು. ಎರಡನೆಯ ಭಾನುವಾರ ಅತ್ತಳು. ಮೂರನೆಯ ಭಾನುವಾರ ಕಣ್ಣು ಮುಚ್ಚಿ ಬಾಯಿ ತೆರೆದಳು ನೋಡಿ, ಹಂಪಿ ಕಾಲುವೆಗೆ ನೀರು ಬಿಟ್ಟ ಹಾಗೆ ಭಾಷೆ ಹರಿಯಿತು. ಇಡೀ ಸಭೆ ಸ್ತೋತ್ರ ಸ್ತೋತ್ರ ಎಂದಿತು. ಜಂಬಕ್ಕನೂ ಎಂದಳು, ಹಲ್ಲು ಬಿಡದೆ ಎಷ್ಟು ಎನ್ನಬಹುದೋ ಅಷ್ಟು.

ಅದರ ಮೇಲೆ ಪಾಸ್ಟರ್ ಮಾರೇಶ್ ಒಂದು ಪ್ರಕಟಣೆ ಮಾಡಿದರು. ದಾವಣಗೆರೆಯ ದೊಡ್ಡ ಪಾಸ್ಟರು ಹೇಳಿಕಳಿಸಿದ್ದಾರೆ: ಇನ್ನು ಮುಂದೆ ಪ್ರಾರ್ಥನೆ ನಡೆಸುವವರಿಗೆ ಆತ್ಮನ ವರ ಏನಾದರೂ ಒಂದು ಇರಬೇಕು. ಪವಿತ್ರಾತ್ಮನು ಇಳಿದು ಬಂದ ನೆನಪಿನ ಪಂಚಾಶತ್ತಮ ಹಬ್ಬದ ಭಾನುವಾರ ಅವರೇ ಬಂದು ಶುಕ್ರವಾರದ ಹೊಣೆ ಯಾರಿಗೆ ಎಂದು ತೀರ್ಮಾನಿಸುತ್ತಾರೆ.

ಹಬ್ಬಕ್ಕೆ ಎಂಟು ವಾರ ಇತ್ತು.

ಜಂಬಕ್ಕನ ಸಿಟ್ಟನ್ನು ತಿಳಿಯಬೇಕಾದರೆ ಗಿರಣಿಯ ಪಾಳಿ ತಿಳಿಯಬೇಕು. ನಮ್ಮಲ್ಲಿ ಪಾಳಿಗೆ ಮನುಷ್ಯರು ನಿಲ್ಲುವುದಿಲ್ಲ, ಡಬ್ಬಿ ನಿಲ್ಲುತ್ತದೆ. ಡಬ್ಬಿ ಇಟ್ಟು ಸಂತೆಗೆ ಹೋಗಿ, ಸೊಪ್ಪು ಕೊಂಡು, ಜಗಳ ಆಡಿ ಬಂದರೂ ನಿಮ್ಮ ಡಬ್ಬಿ ತನ್ನ ಜಾಗದಲ್ಲೇ ಇರುತ್ತದೆ. ತಹಶೀಲ್ದಾರರ ಮನೆಯ ಡಬ್ಬಿ ಬಂದರೂ ಹಿಂದೆಯೇ ಕೂರಬೇಕು. ಮುಚ್ಚಳಕ್ಕೆ ಹೆಸರು ಬರೆಯುವ ಅಗತ್ಯವಿಲ್ಲ; ಯಾವ ಡಬ್ಬಿ ಯಾವ ಮನೆಯದೆಂದು ಜಂಬಕ್ಕನಿಗೆ ಗೊತ್ತು. ಎತ್ತಿದರೆ ಸಾಕು, ಆ ಮನೆಗೆ ನೆಂಟರು ಬಂದಿದ್ದಾರೋ, ಮಗಳು ಬಾಣಂತನಕ್ಕೆ ಬಂದಳೋ, ಮುದುಕನಿಗೆ ಡಾಕ್ಟರು ರೊಟ್ಟಿ ಬಿಡಿಸಿದರೋ, ಎಲ್ಲ ತೂಕದಲ್ಲೇ ತಿಳಿಯುತ್ತದೆ. ಗಿರಣಿ ಸದ್ದಿನಲ್ಲಿ ಯಾರೂ ಏನೂ ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ.

"ಹನ್ನೊಂದು ವರ್ಷದಿಂದ ನನ್ನ ಡಬ್ಬಿ ಪಾಳ್ಯಾಗೈತಿ," ಎಂದಳು ಅವತ್ತು ಮನೆಯಲ್ಲಿ. "ನಿನ್ನಿ ಬಂದಾಕಿ ಮುಂದ ಸುರುವಿ, ತುಂಬಿಕೊಂಡು ಹೋದ್ಲು."

ಹುಲುಗೇಶ ಸವೆದ ಗಿರಣಿ ಕಲ್ಲಿಗೆ ಉಳಿಯಿಂದ ಹಲ್ಲು ಕೊಡುತ್ತ ಕೂತಿದ್ದ. ಹೆಂಡತಿಯ ಜತೆ ಮಾತಾಡಲು ಅವನು ಗಂಟಲು ಏರಿಸಲೇಬೇಕು. ಊರಿನವರು ಅದನ್ನು ಜಗಳ ಎಂದುಕೊಂಡಿದ್ದಾರೆ.

"ದೇವರ ಗಿರಣ್ಯಾಗ ಪಾಳಿ ಇರಂಗಿಲ್ಲ ಕಾಣ್ತೈತಿ ಬಿಡು."

"ಪಾಳಿ ಇಲ್ಲದ ಗಿರಣಿ ನಡೀತೈತೇನು? ನಾಕು ದಿನಕ್ಕ ಮಂದಿ ಕಲ್ಲು ಕಿತ್ಕೊಂಡು ಹೋಗ್ತಾರ."

"ಅಲ್ಲಲೇ ಜಂಬಿ, ನಿನಗ ಬರೋ ಭಾಷಿಯಾಗ ಬೈಸಿಕೊಂಡೇ ನಾ ಸಾಕಾಗೀನಿ. ಇನ್ನೊಂದ್ ಯಾಕ ಬೇಕು?"

"ಬೈಯಾಕಲ್ಲ. ಬೇಡಿಕೊಳ್ಳಾಕ."

"ಬೇಡಿಕೊಳ್ಳಾಕ ಹೋದಾಕಿ ಕೋಮಲಾನ ಹೆಸರು ಯಾಕ ತೆಗೀತಿ?"

 ಮರುದಿನದಿಂದ ಗಿರಣಿಯಲ್ಲಿ ಅಭ್ಯಾಸ ಶುರುವಾಯಿತು. ಬಾಯಿ ತೆರೆಯುವುದು ನಮ್ಮ ಕೆಲಸ, ತುಂಬುವುದು ಆತನ ಕೆಲಸ ಎಂದು ಪಾಸ್ಟರೇ ಹೇಳಿದ್ದರು. ಅವಳು ತನ್ನ ಕೆಲಸ ಸರಿಯಾಗಿಯೇ ಮಾಡಿದಳು. ಫಲ ಏನೆಂದರೆ ಗಾದೆಮ್ಮನ ಹಿಡಿ ಅರಿಶಿನ.

ಹೊಸ ಅರಿಶಿನ. ಮೂರು ಸಲ ಸೋಪು ಹಚ್ಚಿದರೂ ಹೋಗಲಿಲ್ಲ. ಮರುದಿನ ಶುಕ್ರವಾರ. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತ ಜಂಬಕ್ಕನ ಹತ್ತಿರ ಬಂದು, ಕೋಮಲಾ ಪ್ರೀತಿಯಿಂದ, ಅವಳಿಗೆ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದಳು: "ಅಕ್ಕಾ, ಹಣಿ ಯಾಕ ಹಳದಿ ಆಗೇತಿ? ಕಾಮಾಲಿ ಏನರ ಆಗೇತೇನು? ನಾ ಪ್ರಾರ್ಥನಿ ಮಾಡ್ತೀನಿ." ಮಾಡಿಯೂ ಬಿಟ್ಟಳು, ತಲೆಯ ಮೇಲೆ ಕೈ ಇಟ್ಟು, ಅನ್ಯಭಾಷೆಯಲ್ಲಿ, ಇಪ್ಪತ್ತು ಹೆಂಗಸರ ಮುಂದೆ. ಎರಡು ದಿನಕ್ಕೆ ಹಳದಿ ಹೋಯಿತು. ಕೋಮಲಾಳ ಪ್ರಾರ್ಥನೆಯಿಂದ ಜಂಬಕ್ಕನ ಕಾಮಾಲೆ ವಾಸಿಯಾಯಿತು ಎಂದು ಭಾನುವಾರ ಎಲ್ಲರ ಮುಂದೆ ಎದ್ದು ಸಾಕ್ಷಿ ಹೇಳಿದ್ದೂ ಆಯಿತು. ಜಂಬಕ್ಕ ಕೂತಲ್ಲೇ ಕುದ್ದಳು. ಇಲ್ಲ ಅನ್ನಬೇಕಾದರೆ ಅರಿಶಿನದ ಕತೆ ಹೇಳಬೇಕು. ಅರಿಶಿನದ ಕತೆ ಹೇಳಿದರೆ ಶಬರಾ ಲಬರಾ ಹೇಳಬೇಕು.

ಅದೇ ಭಾನುವಾರ ಕೋಮಲಾ ಮತ್ತೆ ಭಾಷೆ ಆಡಿದಾಗ ಪಾಸ್ಟರ್ ಮಾರೇಶ್ ಕೈ ಎತ್ತಿ ನಿಲ್ಲಿಸಿದರು. ಸಭೆಯಲ್ಲಿ ಅನ್ಯಭಾಷೆ ಆಡಿದರೆ ಅದರ ಅರ್ಥ ಹೇಳುವವರೂ ಇರಬೇಕೆಂಬುದು ಕ್ರಮ, ಅರ್ಥ ಹೇಳುವುದೂ ಆತ್ಮನ ಒಂದು ವರವೇ, ಯಾರಿಗಾದರೂ ಇದೆಯೇ ಎಂದು ಕೇಳಿದರು. ಎಲ್ಲರೂ ಜಮಖಾನೆಯ ಪಟ್ಟೆ ಎಣಿಸತೊಡಗಿದರು.

ಜಂಬಕ್ಕ ಎದ್ದಳು.

ನಮ್ಮದು ಮೈಲಾರದ ಕಾರ್ಣಿಕದ ಸೀಮೆ. ಗೊರವಯ್ಯ ಬಿಲ್ಲು ಏರಿ ವರ್ಷದ ಭವಿಷ್ಯವೆಂದು ನುಡಿಯುವುದು ಒಂದೇ ಸಾಲು. ಅದಕ್ಕೆ ಅರ್ಥ ಹೇಳುವುದನ್ನು ಹಡಗಲಿಯಿಂದ ಹರಪನಹಳ್ಳಿಯವರೆಗೆ ಎಲ್ಲರೂ ಹುಟ್ಟಾ ಬಲ್ಲರು. ಗಿರಣಿಯ ದೊಡ್ಡ ದನಿಯಲ್ಲಿ, ಬೈಬಲಿನ ಕನ್ನಡದಲ್ಲಿ ಜಂಬಕ್ಕ ನುಡಿದಳು:

"ಕರ್ತನು ಹೇಳುತ್ತಾನೆ, ತಡವಾಗಿ ಬರುವವರು ಮುಂದಿನ ಜಮಖಾನೆಯಲ್ಲಿ ಕುಳಿತುಕೊಳ್ಳದಿರಲಿ."

ತಡವಾಗಿ ಬರುತ್ತಿದ್ದವಳು ಕೋಮಲಾ ಒಬ್ಬಳೇ. ಪಾಸ್ಟರು ಆಮೆನ್ ಎಂದರು. ಕೋಮಲಾ ಎದ್ದು ಹಿಂದೆ ಹೋಗಿ ಕೂತಳು.

ಇದು ಇಷ್ಟು ಸಲೀಸು ಎಂದು ಜಂಬಕ್ಕನಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಕೋಮಲಾ ಎರಡು ನಿಮಿಷ ಆಡಿದ್ದಕ್ಕೆ ಅರ್ಥ ಬಂದದ್ದು ನಾಲ್ಕೇ ಮಾತು: "ರೇಷ್ಮೆ ಸೀರೆ ಬೇಡ ಅನ್ನುತ್ತಾನೆ." ಅದರ ಮುಂದಿನ ವಾರ ಕೋಮಲಾ ಅರ್ಧ ನಿಮಿಷ ಆಡಿದಳು, ಅರ್ಥ ಐದು ನಿಮಿಷ ನಡೆಯಿತು, ಅದರ ಸಾರಾಂಶ, ಕರ್ತನ ಮನೆಯ ಕಸವನ್ನು ಸರ್ಕಾರಿ ನೌಕರರ ಕೈಗಳೂ ಗುಡಿಸಲಿ.

ಸೇಡೇನೋ ಸಲೀಸಾಯಿತು, ಆದರೆ ಅದರ ಹಿಟ್ಟು ಬೇರೆಯವರ ಡಬ್ಬಿಗೆ ಬೀಳುತ್ತಿತ್ತು. ಹಿಂದೆ ಕೂರಿಸಿದಳು, ಕೋಮಲಾ ಎಷ್ಟು ತಗ್ಗಿ ನಡೆಯುವ ಹೆಂಗಸು ಎಂದು ಹೊಗಳಿಕೆ ಬಂತು. ರೇಷ್ಮೆ ಬಿಡಿಸಿದಳು, ನೂಲಿನ ಸೀರೆಯಲ್ಲಿ ಅವಳು ಇನ್ನೂ ಚಂದ ಕಂಡಳು. ಕಸಬರಿಗೆ ಹಿಡಿಸಿದಳು.

"ಗುಡಿಸೋದೂ ನನ್ನಕಿಂತ ಚೊಲೋ ಗುಡಿಸ್ತಾಳ," ಎಂದಳು ಗಂಡನಿಗೆ. ತನ್ನ ಕೊನೆಯ ಆಸ್ತಿಯೂ ಹೋದವಳ ಹಾಗಿತ್ತು ಮುಖ. "ಮೂಲ್ಯಾಗಿನ ಕಸಾ ಸೈತ ಬಿಡಂಗಿಲ್ಲ. ಕಚೇರ್ಯಾಗ ಕಲ್ತಾಳೇನೋ."

"ಕಚೇರ್ಯಾಗ ಯಾರು ಕಸ ಗುಡಿಸ್ತಾರಲೇ? ನಿನ್ನ ಕರ್ತ ಕಲಿಸ್ಯಾನ, ನಿನ್ನ ಬಾಯಿಲೇ."

ಹಬ್ಬಕ್ಕೆ ಎರಡು ವಾರ ಉಳಿದಿತ್ತು. ಜಂಬಕ್ಕನ ಹತ್ತಿರ ಒಂದು ಸಂಗತಿ ಇತ್ತು. ಅದು ಸಿಕ್ಕಿ ಒಂದು ತಿಂಗಳಾಗಿತ್ತು, ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಂಡಿದ್ದಳು. ಹೇಗೆ ಸಿಕ್ಕಿತೆಂದು ಗಂಡನಿಗೂ ಹೇಳಿರಲಿಲ್ಲ. ಆ ಭಾನುವಾರ ಕೋಮಲಾ ಎಂದಿನಂತೆ ಕೈ ಎತ್ತಿ ಭಾಷೆಯಲ್ಲಿ ಪ್ರಾರ್ಥಿಸಿದಳು. ಜಂಬಕ್ಕ ಎದ್ದಳು, ಗಂಟು ಬಿಚ್ಚಿದಳು.

"ಕರ್ತನು ಹೇಳುತ್ತಾನೆ: ಇಲ್ಲಿ ಒಬ್ಬಳು ಕುಳಿತಿದ್ದಾಳೆ. ಮೂವರು ಉಣ್ಣುತ್ತಿದ್ದ ಮನೆಯಲ್ಲಿ ಈಗ ಒಬ್ಬಳೇ ಉಣ್ಣುತ್ತಾಳೆ. ಕೇಳಿದವರಿಗೆ ಎಲ್ಲರೂ ಚೆನ್ನಾಗಿದ್ದಾರೆ ಎಂದು ಸುಳ್ಳು ಹೇಳುತ್ತಾಳೆ."

 ಕೋಮಲಾಳ ಕೈ ಮೇಲೆಯೇ ನಿಂತಿತು. ಆಮೇಲೆ ಅವಳು ಕುಸಿದು ಕೂತು, ಅಚ್ಚ ಕನ್ನಡದಲ್ಲಿ ಅತ್ತಳು.

ನಡೆದದ್ದು ಇಷ್ಟು. ಕೋಮಲಾ ಮನೆಯಲ್ಲೂ ಬೆಳಿಗ್ಗೆ ಎದ್ದು ಅನ್ಯಭಾಷೆಯಲ್ಲಿ ಪ್ರಾರ್ಥಿಸತೊಡಗಿದ್ದಳು. ಕ್ರಾಂತಿಕುಮಾರ್ ಒಂದು ವಾರ ಸಹಿಸಿದ. ಎರಡನೆಯ ವಾರ, "ಯಾರ ಹತ್ರ ಏನ್ ಮಾತಾಡ್ತಿ ಅದನ್ನಾದರೂ ಹೇಳು, ಇಲ್ಲಾ ನನ್ನ ಜತಿ ನನಗೆ ತಿಳಿಯೋ ಭಾಷಿಯಾಗ ಮಾತಾಡು," ಅಂದ. ಅವಳು ಸಿಟ್ಟಿನಿಂದ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಅವನು ತಾಯಿಯನ್ನು ಕರೆದುಕೊಂಡು ಕೊಟ್ಟೂರಿನ ಅಣ್ಣನ ಮನೆ ಸೇರಿದ. ಭಾಷೆಯ ವರ ಮನೆಗೆ ಬಂತು, ಮನೆಯ ವರ ಕೊಟ್ಟೂರಿಗೆ ಹೋದ. ಸಭೆಯಲ್ಲಿ ಕೇಳಿದರೆ ಯಜಮಾನರಿಗೆ ಟ್ರೇನಿಂಗು, ಅತ್ತೆಗೆ ಕಣ್ಣಿನ ಆಪರೇಷನ್ನು ಎಂದು ಕೋಮಲಾ ಹೇಳುತ್ತಿದ್ದಳು.

ಜಂಬಕ್ಕ ಲೆಕ್ಕ ಹಾಕಿದ್ದು ಸರಿಯಾಗಿಯೇ ಇತ್ತು: ಮನೆ ಮುರಿದುಕೊಂಡವಳಿಗೆ, ಮೇಲೆ ಸುಳ್ಳು ಹೇಳಿದವಳಿಗೆ ಶುಕ್ರವಾರ ಯಾರು ಕೊಡುತ್ತಾರೆ? ಆದರೆ ಕೋಮಲಾ ಸೋಮವಾರ ರಜೆ ಹಾಕಿ ಕೊಟ್ಟೂರಿಗೆ ಹೋದಳು. ಅಲ್ಲಿ ಏನು ಮಾತಾಯಿತೋ, ತಿಳಿಯುವ ಭಾಷೆಯಲ್ಲಿ ಆಯಿತು ಎಂಬುದಂತೂ ಖಂಡಿತ. ಸಂಜೆ ಅತ್ತೆಯ ಚೀಲ ತಾನೇ ಹೊತ್ತುಕೊಂಡು, ಗಂಡನ ಜತೆ ಬಸ್ಸಿನಿಂದ ಇಳಿದಳು. ಮುಂದಿನ ಭಾನುವಾರ ಎದ್ದು ಸಾಕ್ಷಿ ಹೇಳಿದಳು. "ನಾನು ಮುಚ್ಚಿಟ್ಟಿದ್ದನ್ನ ದೇವರು ನನ್ನ ಬಾಯಿಂದನ ಹೊರಗ ತೆಗೆಸಿದ. ಏನಂದೆ ಅಂತ ನನಗ ಗೊತ್ತಿಲ್ಲ."

ಜನ ಬೆರಗಾದರು. ಯಾರ ಬಗ್ಗೆ ಅಂತೀರಿ? ಕೋಮಲಾಳ ಬಗ್ಗೆ. ಎಂಥ ಸತ್ಯದ ನಾಲಿಗೆ, ತನ್ನ ಗುಟ್ಟನ್ನೇ ಹೇಳಿಕೊಂಡಿತಲ್ಲ ಎಂದು. ಅರ್ಥ ಹೇಳಿದವಳನ್ನು ಯಾರು ನೆನೆಯುತ್ತಾರೆ? ಪತ್ರ ತಂದ ಪೋಸ್ಟ್‌ಮ್ಯಾನನಿಗೆ ಯಾರೂ ಉತ್ತರ ಬರೆಯುವುದಿಲ್ಲ. ತಂಬ್ರಹಳ್ಳಿಯಿಂದ, ಕೊಟ್ಟೂರಿನಿಂದ ಹೆಂಗಸರು ಕೋಮಲಾಳ ಕೈ ತಲೆಯ ಮೇಲೆ ಇಡಿಸಿಕೊಳ್ಳಲು ಬಂದರು. ಪಾಳಿ ಹಚ್ಚಿ ಕೂತರು. ಅವರಿಗೆ ಕುಡಿಯಲು ನೀರು ಕೊಡುವ ಕೆಲಸ, ಕೊಡ ತುಂಬಿಸುವವಳು ಎಂಬ ಕಾರಣಕ್ಕೆ, ಜಂಬಕ್ಕನದೇ ಆಯಿತು.

ಪಂಚಾಶತ್ತಮ ಹಬ್ಬದ ದಿನ ಊಟಕ್ಕೆ ಜಂಬಕ್ಕ ನನ್ನನ್ನೂ ಕರೆದಿದ್ದಳು. ಹೊಟ್ಟೆಗೆ ಮುಂಚೆ ಕಿವಿಗೂ ಸ್ವಲ್ಪ ಇರಲೆಂದು ಬೇಗ ಹೋಗಿ ಹಿಂದೆ ಕೂತೆ. ದಾವಣಗೆರೆಯ ದೊಡ್ಡ ಪಾಸ್ಟರ್ ಅರುಣಕುಮಾರ್ ಬಂದಿದ್ದರು. ಎತ್ತರದ ಮನುಷ್ಯ, ಮೃದು ದನಿ, ಎದುರಿಗಿರುವವರ ಮುಖ ನೋಡಿ ನಿಧಾನವಾಗಿ ಮಾತಾಡುವವರು. ಮುಂದೆ ಎರಡು ಆಸನ ಹಾಕಿತ್ತು: ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೋಮಲಾ, ಪಕ್ಕದ ಸ್ಟೂಲಿನ ಮೇಲೆ ಜಂಬಕ್ಕ. ಆ ಸ್ಟೂಲು ಜಂಬಕ್ಕ ಪ್ರತಿ ಭಾನುವಾರ ಕೊಡ ಇಡುತ್ತಿದ್ದ ಸ್ಟೂಲು. ಗುರುತು ಹಿಡಿದದ್ದು ಅವಳ ಮುಖದಲ್ಲಿ ಕಾಣುತ್ತಿತ್ತು.

ದೊಡ್ಡ ಪಾಸ್ಟರು ತೀರ್ಮಾನ ಹೇಳಿದರು. ಶುಕ್ರವಾರದ ಪ್ರಾರ್ಥನೆಯನ್ನು ಇನ್ನು ಮುಂದೆ ಸಹೋದರಿ ಕೋಮಲಾ ನಡೆಸಲಿ. ಸಹೋದರಿ ಜಂಬಕ್ಕ ಪಕ್ಕದಲ್ಲಿ ನಿಂತು ಅರ್ಥ ಹೇಳಲಿ. ಇಬ್ಬರಿಗೂ ವರ ಉಂಟು, ಇಬ್ಬರಿಗೂ ಸ್ಥಾನ ಉಂಟು. ಕೋಮಲಾ ಸಂತೋಷದಿಂದ ಜಂಬಕ್ಕನ ಕೈ ಹಿಡಿದಳು.

"ಅಕ್ಕಾ, ನೀವಿಲ್ಲಂದ್ರ ನಾನು ಏನೂ ಅಲ್ಲ."

ನಿಜವಾದ ಮಾತು. ಅದೇ ಉರಿಯಿತು. ಜಂಬಕ್ಕ ಕೈ ಬಿಡಿಸಿಕೊಂಡು ಕೂತಳು. ವಾರವಾರ, ಸಾಯುವತನಕ, ಈ ಕುರ್ಚಿಯ ಪಕ್ಕ ಆ ಸ್ಟೂಲು. ಅವಳು ಆಡುವುದು, ತಾನು ತಿರುಗಿಸಿ ಹೇಳುವುದು. ಬಾಯಿ ಮುಚ್ಚಿಕೊಂಡು ಒಪ್ಪಿದರೆ ಶುಕ್ರವಾರದ ಅರ್ಧವಾದರೂ ಉಳಿಯುತ್ತಿತ್ತು.

ದೊಡ್ಡ ಪಾಸ್ಟರು ಸಭೆಗೆ ಪಾಠವಾಗಲೆಂದು ಅವಳ ಕಡೆ ತಿರುಗಿ, ಗೌರವದಿಂದ, ಬಿಡಿಸಿ ಬಿಡಿಸಿ ಕೇಳಿದರು: "ಸಹೋದರಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿರಿ. ಕೋಮಲಾ ಭಾಷೆ ಆಡುವಾಗ ಅದರ ಅರ್ಥ ನಿಮಗೆ ಹೇಗೆ ಬರುತ್ತದೆ? ಧ್ವನಿಯಾಗಿ ಕೇಳಿಸುತ್ತದೋ, ದರ್ಶನವಾಗಿ ಕಾಣಿಸುತ್ತದೋ?"

ಜಂಬಕ್ಕ ಒಮ್ಮೆ ಕುರ್ಚಿ ನೋಡಿದಳು, ಒಮ್ಮೆ ತನ್ನ ಸ್ಟೂಲು ನೋಡಿದಳು.

"ಧ್ವನಿ ಎಲ್ಲಿಂದ ಬರಬೇಕ್ರಿ? ಗಿರಣಿ ಸದ್ದಿಗೆ ಕಿವಿ ಮಂದ ಆಗಿ ಆರು ವರ್ಷ ಆತು, ಆಕಿ ಅಂದಿದ್ದು ನನಗ ಒಂದೂ ಕೇಳಿಲ್ಲ. ವಾರಕ್ಕ ಮೂರು ಸೇರು ಬೀಸಾಕ ತರ್ತಿದ್ಲು, ನಡುವ ಒಂದು ಸೇರಿಗೆ ಇಳದ್ಲು, ಮೊನ್ನಿಯಿಂದ ಮತ್ತ ಮೂರು ಸೇರು ತರಾಕ ಹತ್ತ್ಯಾಳ. ನಾ ಡಬ್ಬಿ ನೋಡಿ ಹೇಳೀನ್ರಿ."